ಡೆನ್ಮಾರ್ಕ್ ಎಂದಾಗ ಎದ್ದ ಕೈ

ಆ ಕೈ ತನ್ನದೇ ಎಂದು ಒಪ್ಪಿಕೊಳ್ಳಲು ಹಾನುಸನಿಗೆ ಬೆಳಿಗ್ಗೆ ಎರಡನೆಯ ಲೋಟ ಕಾಫಿ ಮುಗಿದರೂ ಆಗಲಿಲ್ಲ. ಅದು ಈಗ ಏನೂ ಗೊತ್ತಿಲ್ಲದ ಹಾಗೆ ಬ್ರೆಡ್ಡಿನ ಮೇಲೆ ರೂಬಾರ್ಬ್ ಜಾಮು ಸವರುತ್ತಿತ್ತು. ನಿನ್ನೆ ಮಧ್ಯಾಹ್ನ, ತಮ್ಮೊಳಗಿನ ಸಹಕಾರದ ಒಪ್ಪಂದ ತಿದ್ದುವ ಸಮಿತಿಯಾಗಿ ಉತ್ತರದ ಎಂಟು ನಾಡುಗಳವರು ಸುತ್ತ ಕೂತಿದ್ದ ಮೇಜಿನಲ್ಲಿ ಅಧ್ಯಕ್ಷೆ ಸ್ಟೇನ್ವೋರ್ ಹಾಜರಿ ಕರೆಯುತ್ತ ‘ಡೆನ್ಮಾರ್ಕ್’ ಎಂದಾಗ ಡೆನ್ಮಾರ್ಕಿನ ಪ್ರೇಬೆನ್ ಕೈ ಎತ್ತಿದ. ಅವನ ಜೊತೆಗೇ, ಅವನಿಗಿಂತ ಚೂರು ಮುಂಚೆಯೇ ಎನ್ನುವವರೂ ಇದ್ದಾರೆ, ಫಾರೋ ದ್ವೀಪಗಳ ಪ್ರತಿನಿಧಿಯಾದ ಹಾನುಸನೂ ಎತ್ತಿದ. ಸುಮ್ಮನೆ ಎತ್ತಿದ್ದಲ್ಲ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಎತ್ತಿ ‘ಹಾಜರು’ ಎಂದೂ ಅಂದಿದ್ದ. ನಗು ಶುರುವಾದದ್ದು ಸ್ವೀಡನ್ನಿನವರ ಕಡೆಯಿಂದ. ಆಮೇಲೆ ‘ಫಾರೋ’ ಎಂದು ಕರೆದಾಗ ಅವನು ಉಳಿದವರೊಂದಿಗೆ ತಾನೂ ಕುತೂಹಲದಿಂದ, ಯಾರು ಉತ್ತರ ಕೊಡುತ್ತಾರೋ ಎಂದು ಸುತ್ತ ನೋಡಿದ್ದ. ಗ್ರೀನ್‌ಲ್ಯಾಂಡಿನ ಅವಿಯಾಯಾ ಮೊಣಕೈಯಿಂದ ತಿವಿದ ಮೇಲೆ ಎಚ್ಚರಾಯಿತು. ಆ ಒಂದು ಕುರ್ಚಿಗಾಗಿ ಎಷ್ಟು ವರ್ಷ ಕಾಗದ ಬರೆದಿದ್ದ, ಎಷ್ಟು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಡೆನ್ಮಾರ್ಕಿನವರ ಬೋಳು ನೆತ್ತಿಗಳನ್ನು ನೋಡಿದ್ದ. ಮೊದಲು ಆ ಒಪ್ಪಂದ ಮಾಡಿಕೊಂಡದ್ದು ಐದು ರಾಷ್ಟ್ರಗಳು. ಫಾರೋ, ಗ್ರೀನ್‌ಲ್ಯಾಂಡ್, ಓಲಾಂಡ್ ತಮ್ಮನ್ನು ತಾವೇ ಆಳಿಕೊಳ್ಳುವ ನಾಡುಗಳಾದರೂ ಅಲ್ಲಿ ಇನ್ನೊಬ್ಬರ ಬೆನ್ನ ಹಿಂದಿನವು, ಮೊದಲೆರಡು ಡೆನ್ಮಾರ್ಕಿನ, ಮೂರನೆಯದು ಫಿನ್ಲೆಂಡಿನ. ಈ ಸಲ ತೋರ್ಸ್‌ಹಾವ್ನಿನಲ್ಲಿ, ಅವನ ಊರಿನಲ್ಲೇ, ಮೊದಲ ಬಾರಿಗೆ ಎಂಟು ಕುರ್ಚಿಗಳನ್ನು ಒಂದೇ ಸುತ್ತಿನಲ್ಲಿ ಹಾಕಿದ್ದರು. ಅಲ್ಲಿ ಕೂತು ಅವನು ಮಾಡಿದ ಮೊದಲ ಘನಕಾರ್ಯ ಇದು.

“ನೋವಾಗ್ತಿದ್ಯಾ?” ಎಂದಳು ಹೆಂಡತಿ ಟೂರಿ.

“ಏನು?”

“ಕೈ. ಆಗ್ಲಿಂದ ಅದನ್ನೇ ನೋಡ್ತಾ ಇದ್ದೀಯಲ್ಲ.”

ಅವನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಟೂರಿಗೆ ಇಂಥ ವಿಷಯಗಳಲ್ಲಿ ಕರುಣೆ ಕಡಿಮೆ. ಮದುವೆಯ ದಿನ ಅವನು ಚರ್ಚಿನಲ್ಲಿ ಎಡ ಬಲ ತಪ್ಪಿ ನಿಂತದ್ದನ್ನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಕಿಟಕಿಯಾಚೆ ಮಂಜು ಬಂದರನ್ನು ಅರ್ಧ ನುಂಗಿ ಸುಮ್ಮನೆ ಕೂತಿತ್ತು. ಬಾಗಿಲು ತೆರೆದ ಸದ್ದಾಯಿತು. ಈ ಊರಿನಲ್ಲಿ ಬಾಗಿಲು ತಟ್ಟುವವನು ಒಂದೋ ಪರದೇಶಿ, ಇಲ್ಲವೇ ಕೆಟ್ಟ ಸುದ್ದಿ ತಂದವನು. ತಟ್ಟದೆ ಒಳಗೆ ಬಂದದ್ದು ಪಕ್ಕದ ಮನೆಯ ಆಂಡ್ರಿಯಾ ಅಜ್ಜಿ, ಮಡಿಲಲ್ಲಿ ನಾಲ್ಕಾರು ಆಲೂಗಡ್ಡೆ.

“ಏನಮ್ಮಾ ಟೂರಿ, ಡೆನ್ಮಾರ್ಕು ಎದ್ದಿದ್ಯಾ?”

“ಎದ್ದು ತಿಂಡಿ ತಿಂತಾ ಇದೆ, ಅಜ್ಜಿ. ಬನ್ನಿ, ಕೂತ್ಕೊಳ್ಳಿ.”

“ಅಜ್ಜಿ, ನಿಮಗ್ಯಾರು ಹೇಳಿದ್ದು?” ಎಂದ ಹಾನುಸ್. ಕೇಳಬಾರದಿತ್ತು.

“ನನ್ನ ತಮ್ಮನ ಮಗಳೇ ಅಲ್ವೇನಪ್ಪಾ ಅಲ್ಲಿ ಕಾಫಿ ಕೊಡೋದು. ಪಾಪ, ನಗು ತಡ್ಕೊಳ್ಳಕ್ಕಾಗ್ದೆ ಒಳಗೆ ಓಡಿ ಹೋದ್ಲಂತೆ. ಬೇಜಾರು ಮಾಡ್ಕೋಬೇಡ. ಹೆಸರು ಚೆನ್ನಾಗೇ ಇದೆ. ಡೆನ್ಮಾರ್ಕ್ ಹಾನುಸ್! ಗಂಭೀರವಾಗಿದೆ.”

ತಮಾಷೆಗೆ ಅಂದದ್ದೇ, ಆದರೆ ಹಾನುಸ್ ಕಚ್ಚಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟ. ಯಾವನೋ ಒಬ್ಬ ಒಮ್ಮೆ ಕಾಲು ಜಾರಿ ಬಂದರಿನ ನೀರಿಗೆ ಬಿದ್ದದ್ದಕ್ಕೆ ಅವನ ಮೊಮ್ಮಕ್ಕಳನ್ನೂ ‘ಒದ್ದೆ’ಯವರು ಎಂದು ಕರೆಯುವ ಊರಿದು. ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಗೋರಿಯ ಕಲ್ಲಿನ ಮೇಲೂ ಬಿಡುವುದಿಲ್ಲ. ಮಗಳು, ಮಗಳ ಮಕ್ಕಳು, ಅವರೆಲ್ಲ ಡೆನ್ಮಾರ್ಕ್ ಹಾನುಸನವರು! ಬರುವ ವಸಂತಕ್ಕೆ ಅವನ ನಿವೃತ್ತಿ. ಇವತ್ತು ಸಮಿತಿಯ ಕೊನೆಯ ದಿನ. ಎಂಟೂ ನಾಡುಗಳಿಗೆ ಮಾತಾಡಲು ಸಮಾನ ಹಕ್ಕು ಇರಬೇಕು ಎನ್ನುವ ವಾಕ್ಯಕ್ಕೆ ಎಲ್ಲರೂ ಒಪ್ಪಿದರೆ ಅದು ಸರ್ಕಾರಗಳಿಗೆ ಹೋಗುತ್ತದೆ. ಒಬ್ಬರು ಬೇಡವೆಂದರೂ ಮತ್ತೆ ಕಪಾಟಿಗೆ. ಹಿಂದೆ ಒಮ್ಮೆ ಹಾಗೇ ಆಗಿ ಆ ಕಪಾಟಿನ ಬಾಗಿಲು ತೆರೆಯಲು ಹತ್ತು ವರ್ಷ ಹಿಡಿದಿತ್ತು. ಬೇಡವೆನ್ನಬಹುದಾದವರು ಡೆನ್ಮಾರ್ಕಿನವರೊಬ್ಬರೇ. ಹೆಸರು ಕರೆದಾಗ ತನ್ನ ನಾಡು ಯಾವುದೆಂದೇ ಗೊತ್ತಾಗದವನಿಗೆ ಪ್ರತ್ಯೇಕ ದನಿ ಯಾತಕ್ಕೆ ಎಂದು ಅವರು ಕೇಳಿದರೆ ಏನು ಹೇಳುವುದು? ನಾಚಿಕೆಯಾಯಿತು. ಆ ನಾಚಿಕೆಯಲ್ಲೂ ಅಜ್ಜಿಯ ಆಲೂಗಡ್ಡೆ ಈ ವರ್ಷ ದಪ್ಪ ಬಂದಿದೆ ಎಂಬುದು ಅವನ ಗಮನಕ್ಕೆ ಬಂತು.

ಅವನು ನಡೆದೇ ಹೊರಟ. ಮಂಜಿನಲ್ಲಿ ಕಪ್ಪು ಹಲಗೆಯ ಮನೆಗಳು ಒಂದೊಂದಾಗಿ ಎದುರಾಗಿ ಹಿಂದೆ ಸರಿದವು. ಯಾರದೋ ಹಿತ್ತಿಲ ಗಾಳಿಗೂಡಿನಿಂದ ಒಣಗಲು ಹಾಕಿದ ಕುರಿಮಾಂಸ ಹದಕ್ಕೆ ಬರುತ್ತಿರುವ ವಾಸನೆ ಬಂತು. ಆ ವಾಸನೆಗೆ ಸ್ವೀಡನ್ನಿನ ಪ್ರತಿನಿಧಿ ನಿನ್ನೆ ಊಟದಲ್ಲಿ ಮೂಗು ಹಿಡಿಯದೆ ಇರಲು ಎಷ್ಟು ಕಷ್ಟಪಟ್ಟ ಎಂಬುದು ನೆನಪಾಗಿ ಹಾನುಸನಿಗೆ ಸ್ವಲ್ಪ ಸಮಾಧಾನವಾಯಿತು. ಅವನೇ ತಾನೇ ಮೊದಲು ನಕ್ಕದ್ದು. ಕೋಪನ್‌ಹೇಗನ್ನಿನಲ್ಲಿ ಓದುತ್ತಿದ್ದಾಗಲೂ ನಗುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ಅವನು ಡೇನಿಷ್ ಮಾತಾಡುತ್ತಿದ್ದದ್ದು ಪುಸ್ತಕದಲ್ಲಿ ಬರೆದ ಹಾಗೆ, ಒಂದಕ್ಷರ ನುಂಗದೆ. ಅಲ್ಲಿನವರು ಅರ್ಧ ಪದವನ್ನು ಗಂಟಲಲ್ಲೇ ಇಟ್ಟುಕೊಳ್ಳುತ್ತಾರೆ. ಅವನ ಮಾತು ಚರ್ಚಿನ ಬೋಧನೆಯಂತೆ ಕೇಳಿ ‘ಪಾದ್ರಿ ಬಂದ’ ಎನ್ನುತ್ತಿದ್ದರು. ಆಗ ಅವನ ಪರವಾಗಿ ಅಂಗಡಿಯಲ್ಲಿ, ಕಚೇರಿಯಲ್ಲಿ ಮಾತಾಡಿದವನು ಪ್ರೇಬೆನ್, ಕೋಣೆಯ ಜೊತೆಗಾರ. ‘ಇರು ಹಾನುಸ್, ನಾನು ಹೇಳ್ತೀನಿ’ ಎಂದು ಮುಂದೆ ಹೋಗುತ್ತಿದ್ದ. ಮುಂದೆ ಪರದೇಶಗಳಲ್ಲಿ ಅಂಗಡಿಯವನು ‘ನೀವೆಲ್ಲಿಯವರು’ ಎಂದರೆ ಡೆನ್ಮಾರ್ಕಿನವನು ಎಂದುಬಿಡುವುದು ಸುಲಭವಿತ್ತು, ವಿವರಿಸುವ ತಾಪತ್ರಯವಿರಲಿಲ್ಲ. ವಿಮಾನ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ಹೋಟೆಲಿನ ಮೇಜಿನಲ್ಲಿ, ಎಷ್ಟು ಸಲ ಹಾಗೆ ಹೇಳಿದ್ದ? ಅದು ಸುಳ್ಳೂ ಆಗಿರಲಿಲ್ಲ, ಪಾಸ್‌ಪೋರ್ಟ್ ಹಾಗೇ ಹೇಳುತ್ತಿತ್ತು. ಬಾಯಿ ಕಲಿತದ್ದನ್ನು ನಿನ್ನೆ ಕೈ ಮಾಡಿತು, ಅಷ್ಟೇ.

ಸಭಾಭವನದ ಹುಲ್ಲು ಹೊದಿಸಿದ ಮಾಡಿನ ಕೆಳಗೆ, ಇಳಿಜಾರಿನಲ್ಲಿ, ಎರಡು ಕುರಿಗಳು ನಿಂತಿದ್ದವು. ಅವು ಅವನನ್ನು ನೋಡಿದವು, ಅವನೂ ನಿಂತ. ಅವನು ಹುಡುಗನಾಗಿದ್ದಾಗ, ಅಮ್ಮನ ಹಳ್ಳಿ ದಾಲೂರಿನಲ್ಲಿ, ಕುರಿದೊಡ್ಡಿಯ ಕಲ್ಲಿನ ಗೋಡೆ ತೇವವಾಗಿರುತ್ತಿತ್ತು, ಅಮ್ಮ ಅದಕ್ಕೆ ಒರಗುತ್ತಿರಲಿಲ್ಲ, ಒಂದು ಗೇಣು ಬಿಟ್ಟು ನಿಲ್ಲುತ್ತಿದ್ದಳು, ಕೈ ಎರಡನ್ನೂ ಶಾಲಿನೊಳಗೆ ಕಟ್ಟಿಕೊಂಡು, ಈಗಲೋ ಆಗಲೋ ಕರೆ ಬರಲಿದೆ ಎನ್ನುವ ಹಾಗೆ. ಶರತ್ಕಾಲದಲ್ಲಿ ಗುಡ್ಡದಿಂದ ಕುರಿಗಳನ್ನು ಇಳಿಸಿದ ಮೇಲೆ ಗುಡ್ಡದಲ್ಲಿ ಪಾಲಿರುವವರ ಹೆಸರು ಕರೆದು ಹಂಚುವುದು ಪದ್ಧತಿ. ತಾತನ ಪಾಲು ಅಮ್ಮನಿಗೂ ಯಾಕುಪ್ ಮಾವನಿಗೂ ಸರಿಸಮ ಬಂದಿತ್ತು. ಆದರೆ ದೊಡ್ಡಿಯಲ್ಲಿ ಕರೆಯುತ್ತಿದ್ದದ್ದು ‘ಯಾಕುಪ್’ ಎಂಬ ಹೆಸರೊಂದೇ. ಮಾವ ಇಬ್ಬರದಕ್ಕೂ ಓಗೊಡುತ್ತಿದ್ದ, ಕುರಿಗಳ ಬೆನ್ನು ಒತ್ತಿ ನೋಡಿ, ಕೊಬ್ಬಿದ್ದನ್ನೆಲ್ಲ ತಂಗಿಯ ಕಡೆಗೆ ನೂಕುತ್ತಿದ್ದ. ತನಗೆ ಬಡಕಲು ಬಂದರೂ ಸರಿಯೇ. ಅಂಥ ಅಣ್ಣ ಇರಬೇಕು ಎಂದು ಊರೆಲ್ಲ ಹೇಳುತ್ತಿತ್ತು. ಹಾನುಸನಿಗೂ ಮಾವನೆಂದರೆ ಪ್ರಾಣ. ಮಾವನ ಜೇಬಿನಲ್ಲಿ ಸದಾ ಒಣಮೀನಿನ ಚೂರಿರುತ್ತಿತ್ತು. ಅಮ್ಮ ಒಮ್ಮೆಯೂ ಮುಖ ಸಿಂಡರಿಸಿದ್ದಿಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು ಯಾಕೆ ನಿಲ್ಲುತ್ತಿದ್ದಳು ಎಂದು ಮಾತ್ರ ಅವನಿಗೆ ಆಗ ತಿಳಿಯುತ್ತಿರಲಿಲ್ಲ. ಕುರಿಗಳು ಮೇಯಲು ತೊಡಗಿದವು. ಹಾನುಸ್ ಬೂಟು ಒರೆಸಿಕೊಂಡು ಒಳಗೆ ಹೋದ.

ಬೆಳಗಿನ ಅಧಿವೇಶನದಲ್ಲಿ ಯಾರೂ ನಿನ್ನೆಯ ಮಾತು ಎತ್ತಲಿಲ್ಲ. ಅದೇ ಕಷ್ಟವಾಯಿತು. ಎಲ್ಲರೂ ಅವನೊಂದಿಗೆ ಹುಷಾರಿಲ್ಲದವನೊಂದಿಗೆ ಮಾತಾಡುವಂತೆ ಮೃದುವಾಗಿದ್ದರು. ಓಲಾಂಡಿನವರು ಅವನಿಗೆ ಬಿಸ್ಕತ್ತಿನ ತಟ್ಟೆ ಸರಿಸಿದರು. ಮೇಜಿನ ಮೇಲೆ ವಾಕ್ಯದ ಎರಡು ರೂಪಗಳಿದ್ದವು. ಒಂದರ ಪ್ರಕಾರ ಮೂರು ನಾಡುಗಳು ‘ತಮ್ಮ ರಾಷ್ಟ್ರದ ಒಪ್ಪಿಗೆ ಪಡೆದು’ ಮಾತಾಡಬಹುದು. ಇನ್ನೊಂದರಲ್ಲಿ ಎಂಟೂ ನಾಡುಗಳು ಮಾತಾಡುತ್ತವೆ, ಅಷ್ಟೇ, ಒಪ್ಪಿಗೆಯ ಸುದ್ದಿಯೇ ಇಲ್ಲ. ಪ್ರೇಬೆನ್ ಕನ್ನಡಕ ಏರಿಸಿ, ಮೊದಲನೆಯದೇ ವಿವೇಕದ್ದು ಅನಿಸುತ್ತದೆ ಎಂದ. ಬಹಳ ಸೌಮ್ಯವಾಗಿ ಹೇಳಿದ. ಅವನು ಹಾಗೆ ಹೇಳುವಾಗ ಹಾನುಸನಿಗೆ ಕೋಪ ಬರಲಿಲ್ಲ, ಅವನ ಕೋಟಿನ ಗುಂಡಿ ಒಂದು ಸಡಿಲವಾಗಿ ನೇತಾಡುತ್ತಿದೆ, ಹೆಂಡತಿ ಹೋದ ಮೇಲೆ ಇವನನ್ನು ನೋಡಿಕೊಳ್ಳುವವರಿಲ್ಲ ಅನಿಸಿತು. ತನ್ನ ಮೇಲೆಯೇ ಕೋಪ ಬಂತು. ಜಗಳವಾಡಬೇಕಾದ ಹೊತ್ತಿನಲ್ಲಿ ಎದುರಾಳಿಯ ಗುಂಡಿ ಎಣಿಸುವವನು ಎಂಥ ವಕೀಲ! ಅವಿಯಾಯಾ ಆಗಲೇ ಎದ್ದು ನಿಂತಿದ್ದಳು. ಗಿಡ್ಡ ಹೆಂಗಸು, ದೊಡ್ಡ ದನಿ.

“ನಮ್ಮ ಸಮುದ್ರದಲ್ಲಿ ಮಂಜುಗಡ್ಡೆ ಕರಗ್ತಾ ಇದೆ ಅಂತ ಹೇಳಕ್ಕೆ ನಾನು ಯಾರ ಒಪ್ಪಿಗೆ ಕೇಳ್ಬೇಕು? ಅದು ನಮ್ಮನ್ನ ಕೇಳಿ ಕರಗ್ತಾ ಇಲ್ಲ.”

ಸ್ಟೇನ್ವೋರ್ ಐಸ್‌ಲ್ಯಾಂಡಿನವಳು, ಸಿಟ್ಟು ಕಂಡರೆ ಕಾಫಿ ಕೊಡುವ ಜಾತಿಯವಳು. ವಿರಾಮ ಎಂದಳು.

ಪ್ರೇಬೆನ್ ಎರಡು ಲೋಟ ಹಿಡಿದು ಕಿಟಕಿಯ ಹತ್ತಿರ ಬಂದ. ಹಾನುಸನಿಗೆ ಹಾಲು ಬೇಡ, ಸಕ್ಕರೆ ಎರಡು, ಅದು ಅವನಿಗೆ ನಲವತ್ತು ವರ್ಷದಿಂದ ಗೊತ್ತು.

“ಬೇಜಾರಾಗಿದ್ಯಾ ಮಾರಾಯಾ?”

“ನಿನ್ನೆಯದಕ್ಕಾ? ಊರಲ್ಲಿ ಆಗ್ಲೇ ಹೆಸರಿಟ್ಟಾಯ್ತು.”

“ಏನಂತ?”

“ಹೇಳಲ್ಲ. ಹೇಳಿದ್ರೆ ನೀನು ಕೋಪನ್‌ಹೇಗನ್ನಿಗೆ ಒಯ್ತೀಯ.”

ಪ್ರೇಬೆನ್ ನಕ್ಕ. ಮತ್ತೆ ಲೋಟದೊಳಗೆ ನೋಡುತ್ತ ಹೇಳಿದ: “ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನಾನು ಯಾವತ್ತಾದ್ರೂ ಇಲ್ಲ ಅಂದಿದ್ದೀನಾ? ಮೀನಿನ ವಿಷಯ ಬಂದಾಗ ನನ್ನ ಸರದಿನೇ ನಿನಗೆ ಬಿಟ್ಟುಕೊಟ್ಟೆ. ಹಡಗಿನ ವಿಷಯದಲ್ಲೂ ಅಷ್ಟೇ. ಒಂದ್ ಸಲನಾದ್ರೂ ಇಲ್ಲ ಅಂದೆನಾ?”

“ಇಲ್ಲ. ಅಂದಿಲ್ಲ.”

“ಮತ್ತೆ? ಕೇಳಿದ್ರೆ ಕೊಡ್ತೀವಿ. ಕಾಗದದಲ್ಲಿ ‘ಒಪ್ಪಿಗೆ’ ಅಂತ ಒಂದು ಪದ ಇದ್ರೆ ನಿನಗೇನು ಕಮ್ಮಿಯಾಯ್ತು?”

ಕಮ್ಮಿಯಾದದ್ದೇನು? ಹಾನುಸ್ ಯೋಚಿಸಿದ. ಇದಕ್ಕೆ ಅವನಲ್ಲಿ ಕಾನೂನಿನ ಉತ್ತರಗಳಿದ್ದವು, ಬ್ಯಾಗಿನಲ್ಲಿ ನಾಲ್ಕು ಪುಟದ ಭಾಷಣವೇ ಇತ್ತು, ಅದನ್ನು ಟೂರಿ ಕೇಳಿ ಆಕಳಿಸಿ ಚೆನ್ನಾಗಿದೆ ಎಂದಿದ್ದಳು. ಅದನ್ನು ಅವನು ತೆಗೆಯಲಿಲ್ಲ. ಎದುರಿಗೆ ಇದ್ದದ್ದು ಒಂದು ರಾಷ್ಟ್ರವಲ್ಲ, ಪ್ರೇಬೆನ್. ಚಳಿಗಾಲದಲ್ಲಿ ತನ್ನ ಸ್ವಂತ ಮಫ್ಲರು ಬಿಚ್ಚಿ ಕೊಟ್ಟವನು. ಅವನಿಗೆ ನೋವಾಗುತ್ತದೆ ಎಂಬ ಭಯಕ್ಕೆ ತಾನು ಎಷ್ಟು ವರ್ಷ ಸುಮ್ಮನಿದ್ದೆ ಎಂದು ಹಾನುಸನಿಗೆ ಅನಿಸಿತು, ಆ ಭಯ ಪ್ರೀತಿಯದೋ ಅಂಜುಬುರುಕತನದ್ದೋ ಇವತ್ತಿಗೂ ಗೊತ್ತಿಲ್ಲ. ಅವನು ತನಗೇ ಗೊತ್ತಿಲ್ಲದೆ ದಾಲೂರಿನ ದೊಡ್ಡಿಯ ಸಂಗತಿ ಹೇಳತೊಡಗಿದ್ದ. ಮಾವ ಕೊಬ್ಬಿದ ಕುರಿಗಳನ್ನೆಲ್ಲ ಅಮ್ಮನ ಕಡೆಗೆ ನೂಕುತ್ತಿದ್ದದ್ದು, ಊರವರು ಹೊಗಳುತ್ತಿದ್ದದ್ದು. ಮಾವ ತೀರಿಹೋದ ವರ್ಷ ಅಮ್ಮನಿಗೆ ಎಪ್ಪತ್ತರ ಮೇಲಾಗಿತ್ತು. ಆ ಶರತ್ಕಾಲದಲ್ಲಿ ಮೊದಲ ಸಲ ಅವಳ ಹೆಸರು ಕರೆದರು. ಅವಳು ದೊಡ್ಡಿಯೊಳಗೆ ಇಳಿದು, ಹಿಂಡಿನ ನಡುವೆ ಸೊಂಟದವರೆಗೆ ಮುಳುಗಿ, ಒಂದು ಕಪ್ಪು ಕುರಿಮರಿಯನ್ನು ಕೊಂಬು ಹಿಡಿದು ಎಳೆದು ತಂದಳು. ಸಣಕಲು ಮರಿ, ತಿಂದರೆ ಎರಡು ಊಟಕ್ಕೂ ಸಾಲದು.

“ಗಂಡಸ್ರೆಲ್ಲ ನಕ್ಕರು. ‘ಯಾಕಮ್ಮಾ, ಇದರಲ್ಲಿ ಏನಿದೆ’ ಅಂದ್ರು. ಅಮ್ಮ ಹೇಳಿದ್ಲು, ‘ನನಗೆ ಮೊದಲಿಂದ್ಲೂ ಕಪ್ಪು ಉಣ್ಣೆನೇ ಬೇಕಿತ್ತು. ಬಣ್ಣ ಹಾಕೋದು ಬೇಡ ನೋಡಿ, ಹಾಗೇ ಹೆಣೀಬಹುದು’ ಅಂತ.”

“ಅಣ್ಣನಿಗೆ ಹೇಳಿರ್ಲಿಲ್ವಾ?”

“ಅಷ್ಟು ಒಳ್ಳೆಯವನಿಗೆ ಏನಂತ ಹೇಳೋದು? ಅವನು ತನ್ನ ಹೊಟ್ಟೆ ಕಟ್ಟಿ ಕೊಬ್ಬಿದ್ದು ಕೊಡ್ತಿದ್ದ.”

ಪ್ರೇಬೆನ್ ಬಹಳ ಹೊತ್ತು ಕಾಫಿಯನ್ನು ಕಲಕಿದ. ಅದರಲ್ಲಿ ಕಲಕುವಂಥದ್ದೇನೂ ಇರಲಿಲ್ಲ, ಅವನು ಸಕ್ಕರೆ ಹಾಕಿಕೊಳ್ಳುವವನಲ್ಲ.

“ಅಂದ್ರೆ ನಾನು ನಿನ್ನ ಯಾಕುಪ್ ಮಾವ.”

“ಹೌದು ಕಣಯ್ಯಾ. ಮಾವನ್ನ ನಾವು ತುಂಬಾ ಪ್ರೀತಿಸ್ತಿದ್ವಿ.”

“ಅದು ಇನ್ನೂ ಕೆಟ್ಟದಾಯ್ತಲ್ಲೋ” ಎಂದು ಪ್ರೇಬೆನ್ ಲೋಟ ಇಟ್ಟು, ಫೋನು ತೆಗೆದುಕೊಂಡು ಹೊರಗೆ ಹೋದ. ಮಂಜಿನಲ್ಲಿ ಅವನು ಕುರಿಗಳ ಹತ್ತಿರ ಅತ್ತಿಂದಿತ್ತ ನಡೆಯುತ್ತ ಮಾತಾಡುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದು ಕೈ ಗಾಳಿಯಲ್ಲಿ ಆಡುತ್ತಿತ್ತು. ಯಾರೊಂದಿಗೆ ಮಾತಾಡುತ್ತಿದ್ದಾನೆ? ಮೇಲಿನವರೊಂದಿಗೋ, ಮಗಳೊಂದಿಗೋ? ಮಾತಾಡಿ ಕೆಡಿಸಿದೆನಾ ಎಂದು ಹಾನುಸನಿಗೆ ಅಳುಕಾಯಿತು. ರಾಷ್ಟ್ರಗಳ ಒಪ್ಪಂದದ ನಡುವೆ ಅಮ್ಮನ ಕುರಿಮರಿಯನ್ನು ಎಳೆದು ತರುವುದೇ? ಅವಿಯಾಯಾ ಪಕ್ಕಕ್ಕೆ ಬಂದು ನಿಂತಳು.

“ಅಷ್ಟು ಹೊತ್ತು ಏನು ಹೇಳ್ತಿದ್ದೆ ಅವನಿಗೆ?”

“ಕುರಿ ವಿಷಯ.”

“ಕುರಿ! ನಾನಿಲ್ಲಿ ಕೂಗಿ ಗಂಟಲು ಹರ್ಕೊಂಡೆ, ನೀನು ಕುರಿ ವಿಷಯ ಮಾತಾಡ್ತಿದ್ದೆ?” ಎಂದು ಅವನ ಮುಖ ನೋಡಿದಳು. ಏನು ಕಂಡಿತೋ, ತನ್ನ ಕೈಲಿದ್ದ ಬಿಸ್ಕತ್ತಿನ ಅರ್ಧ ಮುರಿದು ಅವನಿಗೆ ಕೊಟ್ಟಳು. ಇಬ್ಬರೂ ಅಗಿಯುತ್ತ ಹೊರಗೆ ನೋಡಿದರು. ಮಂಜು ನಿಧಾನಕ್ಕೆ ಏಳುತ್ತಿತ್ತು, ಎದುರಿನ ನೋಲ್ಸೊಯ್ ದ್ವೀಪದ ಬೆನ್ನು ಅಷ್ಟಷ್ಟಾಗಿ ಕಾಣುತ್ತಿತ್ತು. ಸೋತರೂ ಮಧ್ಯಾಹ್ನಕ್ಕೆ ಹದವಾದ ಮಾಂಸದ ಸಾರು ಇದೆ ಎಂದು ಹಾನುಸನಿಗೆ ಅನಿಸಿ ತನ್ನ ಹೊಟ್ಟೆಯ ನಿರ್ಲಜ್ಜತನಕ್ಕೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು ಅದು.

ಮತ್ತೆ ಕೂತರು. ಸ್ಟೇನ್ವೋರ್ ಎರಡನೆಯ ರೂಪವನ್ನು, ಒಪ್ಪಿಗೆಯ ಮಾತಿಲ್ಲದ್ದನ್ನು, ಜೋರಾಗಿ ಓದಿದಳು. ಒಬ್ಬೊಬ್ಬರಾಗಿ ಹೇಳಿ ಎಂದಳು. ಮೊದಲ ಹೆಸರು ಯಾವುದೆಂದು ಎಲ್ಲರಿಗೂ ಗೊತ್ತು. “ಡೆನ್ಮಾರ್ಕ್.” ಹಾನುಸ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡ, ನಂಬಿಕೆಯಿಲ್ಲ ಅವುಗಳ ಮೇಲೆ. ಪ್ರೇಬೆನ್ ತನ್ನ ಕೋಟಿನತ್ತ ನೋಡಿದ. ಸಡಿಲವಾದ ಗುಂಡಿಯನ್ನು ತಿರುವುತ್ತಿದ್ದ. ಅಷ್ಟರಲ್ಲಿ ಹಾನುಸನಿಗೆ ಹತ್ತು ವರ್ಷ ಮತ್ತೆ ಕಪಾಟಿನೊಳಗೆ ಹೋಗುವುದು ಕಂಡಿತು, ತನ್ನ ಜಾಗಕ್ಕೆ ಬರುವ ಯಾರೋ ಹುಡುಗಿ ಹಿಂದಿನ ಸಾಲಿನಲ್ಲಿ ಕೂತು ಬೋಳು ನೆತ್ತಿಗಳನ್ನು ನೋಡುವುದು ಕಂಡಿತು.

“ನಮ್ಮ ಆಕ್ಷೇಪ ಇಲ್ಲ” ಎಂದ ಪ್ರೇಬೆನ್. “ಒಪ್ಪಂದಕ್ಕೆ ಈ ಮೂರು ನಾಡುಗಳೂ ಸಹಿ ಹಾಕ್ಬೇಕು ಅನ್ನೋದು ಬೇರೆ ವಿಷಯ. ಅದಕ್ಕೆ ನಾನು ಈಗ ಒಪ್ಪಲ್ಲ, ಮುಂದೆ ಜಗಳ ಆಡೋಣ. ಮಾತಾಡೋಕೆ ಮಾತ್ರ ಯಾರ ಒಪ್ಪಿಗೆನೂ ಬೇಡ.”

ಫಿನ್ಲೆಂಡು ಒಪ್ಪಿತು. “ಫಾರೋ” ಎಂದಳು ಸ್ಟೇನ್ವೋರ್. ಭಾಷಣ ಬ್ಯಾಗಿನಲ್ಲೇ ಇತ್ತು. “ಒಪ್ಪಿದೆ” ಎಂದ ಹಾನುಸ್. ದನಿ ಸ್ವಲ್ಪ ಜಾಸ್ತಿಯೇ ಜೋರಾಗಿ ಬಂತು, ಮೂಲೆಯಲ್ಲಿ ಕಾಫಿ ಕೊಡುತ್ತಿದ್ದ ಹುಡುಗಿ ತಿರುಗಿ ನೋಡಿದಳು. ಉಳಿದವರು ಒಬ್ಬೊಬ್ಬರಾಗಿ ಒಪ್ಪಿದರು. ಓಲಾಂಡಿನವರು ಮೂಗು ಒರೆಸಿಕೊಂಡರು. ಅವಿಯಾಯಾ ಮೇಜಿನ ಕೆಳಗೆ ಅವನ ಕಾಲು ತುಳಿದಳು, ಬಲವಾಗಿ, ಅದು ಅವಳ ಸಂತೋಷ. ಹಾನುಸ್ ಪ್ರೇಬೆನ್ನನ ಕಡೆ ನೋಡಿದ. ಫೋನಿನಲ್ಲಿ ಯಾರೋ ಹೂಂ ಎಂದರೋ, ಬೆಳಿಗ್ಗೆಯೇ ಅವನ ಜೇಬಿನಲ್ಲಿ ಆ ಹೂಂ ಇತ್ತೋ, ಇಲ್ಲ ಕಪ್ಪು ಮರಿಯದೇ ಕೆಲಸವೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಕೇಳುವುದೂ ಬೇಡ ಅನಿಸಿತು. ಈ ಮನುಷ್ಯನ ಗುಂಡಿಯನ್ನು ಸಂಜೆ ಟೂರಿಯ ಕೈಲಿ ಹೊಲಿಸಬೇಕು ಎಂದುಕೊಂಡ.

ಇನ್ನು ಏನಾದರೂ ದೊಡ್ಡದು ನಡೆಯಬೇಕು ಎಂದು ಎಲ್ಲರೂ ಒಂದು ಕ್ಷಣ ಕಾದರು. ಏನೂ ನಡೆಯಲಿಲ್ಲ. ಸ್ಟೇನ್ವೋರ್ ಕೆಮ್ಮಿ, ಮುಂದಿನ ವಿಷಯ ಎಂದಳು: ಸಮುದ್ರಕ್ಕೆ ಬೀಳುವ ಕಸದ ಬಗ್ಗೆ ಮುಂದಿನ ಸಭೆ ಮೇ ತಿಂಗಳಲ್ಲೋ ಜೂನ್‌ನಲ್ಲೋ. ಹೊಸ ಪದ್ಧತಿಯಲ್ಲೇ ಕೇಳುತ್ತೇನೆ ಎಂದು ನಕ್ಕು ಸುತ್ತು ಹಾಕತೊಡಗಿದಳು. ಡೆನ್ಮಾರ್ಕಿಗೆ ಮೇ ಬೇಕಿತ್ತು. ಫಿನ್ಲೆಂಡಿಗೆ ಜೂನ್. ಹಾನುಸನ ಬೆನ್ನು ತಾನಾಗಿ ನೆಟ್ಟಗಾಯಿತು, ಗಂಟಲು ಸರಿಮಾಡಿಕೊಂಡ, ತಲೆಯೊಳಗೆ ಮಾತುಗಳು ಸಾಲುಗಟ್ಟತೊಡಗಿದವು. ಇಷ್ಟು ವರ್ಷ ಹಾಗೇ ಅಭ್ಯಾಸ. ಇನ್ನೊಬ್ಬರ ಸರದಿಯಲ್ಲಿ ಎರಡು ನಿಮಿಷ ಸಿಕ್ಕರೆ ಎರಡು ನಿಮಿಷವನ್ನೂ ತುಂಬಿಸಬೇಕು, ಒಂದು ಕ್ಷಣ ಖಾಲಿ ಬಿಟ್ಟರೂ ‘ನೋಡಿ, ಇವರಿಗೆ ಹೇಳುವುದೇನೂ ಇಲ್ಲ’ ಎಂದಾರು. ಕೊಟ್ಟವನಿಗೆ ಕೊಟ್ಟದ್ದು ದಂಡವಾಯಿತು ಅನಿಸೀತು. ಮೀನು, ಹಡಗು, ಗಾಳಿ, ಪಕ್ಷಿ, ಯಾವುದಾದರೂ ಸರಿ, ಉಸಿರು ಬಿಡದೆ ಮಾತಾಡಿದ್ದ. ಮಾತಾಡಿ ಕೂತಾಗಲೆಲ್ಲ ಪ್ರೇಬೆನ್ನನ ಕಡೆ ನೋಡಿ ಥ್ಯಾಂಕ್ಸ್ ಎಂದಿದ್ದ.

“ಫಾರೋ?”

ಮೇ ತಿಂಗಳಲ್ಲಿ ಕುರಿ ಈಯುವ ಕಾಲ. ಜೂನ್‌ನಲ್ಲಿ ಉಣ್ಣೆ ಕತ್ತರಿಸುವುದು ಶುರುವಾಗುತ್ತದೆ. ಎರಡರಲ್ಲೂ ಅಂಥ ತೊಂದರೆಯೇನಿಲ್ಲ. ಅವನಿಗಂತೂ ಎರಡೂ ತಿಂಗಳು ನಿವೃತ್ತಿಯವೇ. ಎಲ್ಲರೂ ಅವನನ್ನು ನೋಡುತ್ತಿದ್ದರು, ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಈ ಸರದಿ ಅವನದೇ.

“ನಮ್ಮದೇನೂ ಇಲ್ಲ” ಎಂದ ಹಾನುಸ್.

ಸ್ಟೇನ್ವೋರ್ ಪೆನ್ನು ಹಿಡಿದು, ಮುಂದೇನಾದರೂ ಬರುತ್ತದೇನೋ ಎಂದು ಕಾದಳು. ಅವನು ಕುರ್ಚಿಗೆ ಬೆನ್ನು ಒರಗಿಸಿಕೊಂಡು ಸುಮ್ಮನೆ ಕೂತ.